ಹಳೆಯದಾಗದ ಒಂದು ಸುದ್ದಿ

ಸುದ್ದಿ ನಮ್ಮ ಹೊಟ್ಟೆಪಾಡು. ಬೀದರ್ ಜಿಲ್ಲೆಯ ಒಂದು ತಾಲ್ಲೂಕಿನಿಂದ ದಿನಾ ಸುದ್ದಿ ಕಳಿಸುತ್ತೇವೆ. ಕಳಿಸಿದ್ದರಲ್ಲಿ ಅರ್ಧ ಅಚ್ಚಾಗುವುದಿಲ್ಲ. ಅಚ್ಚಾದದ್ದೂ ಮರುದಿನ ಸಂಜೆಗೆ ಭಜಿ ಕಟ್ಟುವ ಕಾಗದ. ಈಗಂತೂ ಸಂಜೆತನಕವೂ ಕಾಯಬೇಕಿಲ್ಲ, ಬೆಳಿಗ್ಗೆ ವಾಟ್ಸಾಪಿಗೆ ಬಂದ ಸುದ್ದಿ ಮಧ್ಯಾಹ್ನಕ್ಕೇ ಹಳೆಯದು.

ಇಂಥ ಕೆಲಸದಲ್ಲಿರುವ ನಮಗೆ ‘ಸುವಾರ್ತೆ’ ಎಂಬ ಮಾತು ಕೇಳಿದಾಗಲೆಲ್ಲ ಸೋಜಿಗವಾಗುತ್ತದೆ. ವಾರ್ತೆ ಅಂದರೆ ಸುದ್ದಿ, ಸುವಾರ್ತೆ ಅಂದರೆ ಒಳ್ಳೆಯ ಸುದ್ದಿ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರ ಹೆಸರಿನಲ್ಲಿರುವ ನಾಲ್ಕು ಸಣ್ಣ ಪುಸ್ತಕಗಳು. ಎಲ್ಲ ಸೇರಿದರೂ ಒಂದು ದಪ್ಪ ಕಾದಂಬರಿಯಷ್ಟಾಗುವುದಿಲ್ಲ. ಇದನ್ನೇ ನಂಬುವವರು ಸುಮಾರು ಎರಡು ಸಾವಿರ ವರ್ಷದಿಂದ ವಾರವಾರ ಓದುತ್ತಿದ್ದಾರೆ. ಮುಂದೇನು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಕೇಳುತ್ತಾರೆ. ಯಾಕೆ?

ನಾವು ಕ್ರೈಸ್ತರ ಮನೆಯಲ್ಲಿ ಹುಟ್ಟಿದವರು. ಊರ ಹೊರಗಿನ ಕೇರಿ ನಮ್ಮದು. ಆದ್ದರಿಂದ ಈ ಪ್ರಶ್ನೆಗಿಂತ ಮುಂಚೆ ಇನ್ನೊಂದು ಪ್ರಶ್ನೆ ಕೇಳುತ್ತಲೇ ಬೆಳೆದಿದ್ದೇವೆ: “ನಿಮ್ಮ ಹಿರ್‍ಯಾರು ಆ ಕಡಿ ಹೋದರಲ್ಲ, ಏನು ಸಿಕ್ಕಿತು?” ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಸಿದ್ಧ ಇರುತ್ತದೆ. ಗೋಧಿ, ಹಾಲಿನ ಪುಡಿ, ಹಳೇ ಬಟ್ಟೆ.

ಲೆಕ್ಕ ಕೇಳಿದ ಮೇಲೆ ಸರಿಯಾಗಿಯೇ ಹೇಳೋಣ. ಮಿಷನ್ನಿನವರು ಬಂದ ಕಡೆ ಶಾಲೆ ಬಂತು, ದವಾಖಾನೆ ಬಂತು. ಅಕ್ಷರ ಮುಟ್ಟಬಾರದು ಎನಿಸಿಕೊಂಡವರ ಮಕ್ಕಳು ಪಾಟಿ ಹಿಡಿದರು. ಅದು ಸಣ್ಣ ಮಾತಲ್ಲ. ಆದರೆ ಆ ಶಾಲೆಗೆ, ಆ ದವಾಖಾನೆಗೆ ಎಲ್ಲ ಜಾತಿ, ಎಲ್ಲ ಧರ್ಮದವರೂ ಹೋದರು. ಅವು ಸುವಾರ್ತೆಯ ಜೊತೆ ಬಂದವು, ಅವೇ ಸುವಾರ್ತೆ ಅಲ್ಲ.

ಇನ್ನು ಕಳೆದುಕೊಂಡವರ ಲೆಕ್ಕ. ಮಂಗಳೂರಿನ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ. 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಮನೆ, ಬಳಗ, ಮರ್ಯಾದೆ ಎಲ್ಲ ಬಿಡಬೇಕಾಯಿತು. ಮುಂದೆ ಬಾಸೆಲ್‌ಗೆ ಹೋಗಿ ಓದಿ ಬಂದು ಪಾದ್ರಿಯಾದರು. ಕೊಡಗಿನಲ್ಲಿ ಒಡೆಯರ ಹೊಲದಲ್ಲಿ ಜೀತದಾಳುಗಳಾಗಿದ್ದ ಹೊಲೆಯರು ಕ್ರೈಸ್ತರಾದಾಗ ಅವರಿಗೊಂದು ನೆಲೆ ಬೇಕಾಯಿತು. ಆಗ ಕಟ್ಟಿದ ಆನಂದಪುರಕ್ಕೆ ಹಣ ಕೊಟ್ಟವರು ಇವರೇ. ಹೊಲೆಯರ ನೆರಳೂ ಬೀಳಬಾರದು ಎನ್ನುವ ಕಾಲದಲ್ಲಿ ಬ್ರಾಹ್ಮಣರ ಮನೆಯ ಮಗ ತನ್ನ ಹಣ ಅವರಿಗಾಗಿ ಹಾಕಿದರು. ಇವರಿಗೆ ಏನು ಸಿಕ್ಕಿತು ಎಂದು ಕೇಳಿದರೆ ಗೋಧಿಯ ಉತ್ತರ ನಡೆಯುವುದಿಲ್ಲ.

ಅದು ಹಳೆಯ ಮಾತಾಯಿತು. ಈಗಿನದು ಹೇಳುತ್ತೇವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇನ್ನೂ ಹೊರಗೆ. ಈ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳಿವೆ, 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನೂ ಕೇಂದ್ರ ಸರ್ಕಾರ ನೇಮಿಸಿತು. ನಮ್ಮ ಕೇರಿಗೆ ಇದರ ಅರ್ಥ ಇಷ್ಟೇ: ಹೋಟೆಲಿನಲ್ಲಿ ಲೋಟ ಬೇರೆ ಇಡುವವರು ನಮ್ಮ ಧರ್ಮ ಕೇಳುವುದಿಲ್ಲ, ಜಾತಿ ನೋಡುತ್ತಾರೆ. ಸರ್ಟಿಫಿಕೇಟ್ ಕೊಡುವವರು ಮಾತ್ರ ಧರ್ಮ ಕೇಳುತ್ತಾರೆ.

ಹೀಗಾಗಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಎರಡು ಹೆಸರು. ಸಭೆಯಲ್ಲಿ ಒಂದು, ಶಾಲೆಯಲ್ಲಿ ಒಂದು. ಅವರನ್ನು ಸುಳ್ಳುಗಾರರು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಮಗಳ ಫೀಸಿನ ಚಿಂತೆ ಇರುವ ತಾಯಿಯ ಮುಂದೆ ಕುಳಿತು ನೋಡಿದರೆ ನಿಮಗೂ ಬರುವುದಿಲ್ಲ. ಇನ್ನು ಕೆಲವರು ಎರಡನೇ ಹೆಸರು ಇಟ್ಟುಕೊಳ್ಳದೆ, ಸಿಗಬಹುದಾಗಿದ್ದ ಸೀಟು, ನೌಕರಿ ಬಿಟ್ಟು ಸುಮ್ಮನೆ ಕೂಲಿಗೆ ಹೋಗುತ್ತಿದ್ದಾರೆ. ಇಬ್ಬರೂ ಭಾನುವಾರ ಒಂದೇ ಚಾಪೆಯ ಮೇಲೆ ಕುಳಿತು ಸುವಾರ್ತೆ ಕೇಳುತ್ತಾರೆ. ಲಾಭಕ್ಕೆ ಬಂದವರಾಗಿದ್ದರೆ ನಷ್ಟ ಕಂಡ ದಿನವೇ ಎದ್ದು ಹೋಗಬೇಕಿತ್ತಲ್ಲ?

ಯೇಸು ಹೇಳಿದ ಒಂದು ಸಣ್ಣ ಕಥೆ ಇದೆ. ಒಬ್ಬನಿಗೆ ಯಾರದೋ ಹೊಲದಲ್ಲಿ ಹೂತಿಟ್ಟ ನಿಧಿ ಕಂಡಿತು. ಅವನು ಮನೆಗೆ ಹೋಗಿ ಇದ್ದದ್ದೆಲ್ಲ ಮಾರಿ ಆ ಹೊಲ ಕೊಂಡ. ನೋಡಿದವರಿಗೆ ಅವನು ಹುಚ್ಚ, ಯಾಕೆಂದರೆ ಅವರಿಗೆ ಕಾಣುವುದು ಹೊಲ ಮಾತ್ರ. ಮತ್ತಾಯನ ಸುವಾರ್ತೆಯ ಈ ಕಥೆಯಲ್ಲಿ ನಮಗೆ ಮುಖ್ಯ ಅನಿಸುವ ಮಾತು, ಅವನು ಸಂತೋಷದಿಂದ ಮಾರಿದ ಎಂಬುದು.

ಹಾಗಾದರೆ ಆ ನಿಧಿ ಏನು? ವರದಿಗಾರರಾಗಿ ನಮಗೆ ತಿಳಿದಷ್ಟು ಹೇಳುತ್ತೇವೆ.

ಈ ಸುದ್ದಿ ಮೊದಲು ಯಾರಿಗೆ ಸಿಕ್ಕಿತು ನೋಡಿ. ಯೇಸು ಹುಟ್ಟಿದ ಸುದ್ದಿ ಅರಮನೆಗೆ ಹೋಗಲಿಲ್ಲ. ಲೂಕ ಬರೆದ ಪ್ರಕಾರ, ರಾತ್ರಿ ಅಡವಿಯಲ್ಲಿ ಕುರಿ ಕಾಯುತ್ತಿದ್ದವರಿಗೆ ದೂತರು ಬಂದು ಹೇಳಿದರು. ಸತ್ತ ಯೇಸು ಎದ್ದ ಎಂಬ ಸುದ್ದಿ ಮೊದಲು ಸಿಕ್ಕಿದ್ದು ನಸುಕಿನಲ್ಲಿ ಸಮಾಧಿಗೆ ಹೋದ ಹೆಂಗಸರಿಗೆ. ಅವರು ಓಡಿ ಬಂದು ಹೇಳಿದರೆ ಶಿಷ್ಯರು ಏನೋ ಬಡಬಡಿಸುತ್ತಿದ್ದಾರೆ ಅಂದುಕೊಂಡರು. ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಕಲಿಸಿದ್ದು ಬೇರೆ: ಸುದ್ದಿಮೂಲ ಗಟ್ಟಿ ಇರಬೇಕು, ಅಧಿಕಾರಿ ಹೇಳಿದರೆ ಒಳ್ಳೆಯದು. ಇಲ್ಲಿ ಅತಿ ದೊಡ್ಡ ಸುದ್ದಿಯನ್ನು ತಂದವರು ಯಾರೂ ಮೈಕು ಹಿಡಿಯದ ಮಂದಿ.

ಇನ್ನೊಂದು, ನೂರು ಕುರಿಯ ಕಥೆ. ಒಂದು ತಪ್ಪಿಸಿಕೊಂಡರೆ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿ ಹೋಗುತ್ತಾನೆ. ನಮ್ಮ ಕಸುಬಿನಲ್ಲಿ ಲೆಕ್ಕ ಉಲ್ಟಾ. ಬಾವಿ ತೋಡುವಾಗ ಒಬ್ಬ ಸತ್ತರೆ ಸಿಂಗಲ್ ಕಾಲಂ, ಐದು ಮಂದಿ ಸತ್ತರೆ ಮುಖಪುಟ. ಆ ಒಬ್ಬನೇ ದೇವರಿಗೆ ಮುಖಪುಟ ಎನ್ನುವ ಸುದ್ದಿ, ಯಾವತ್ತೂ ಲೆಕ್ಕಕ್ಕೆ ಬರದವರ ಕಿವಿಗೆ ಹೇಗೆ ಕೇಳಿಸಿರಬೇಕು!

ನಮ್ಮ ಆಯಿಗೆ ಓದು ಬರುತ್ತಿರಲಿಲ್ಲ. ಸತ್ಯವೇದವನ್ನು ಅರಿಬಿಯಲ್ಲಿ ಸುತ್ತಿ ಜೋಳದ ಡಬ್ಬಿಯ ಮೇಲೆ ಇಡುತ್ತಿದ್ದಳು. ಸಂಜೆ ಓದಿಸುತ್ತಿದ್ದಳು. ನಾವು ಒಂದು ಸಾಲು ಬಿಟ್ಟರೂ ಗೊತ್ತಾಗುತ್ತಿತ್ತು, ಎಲ್ಲ ಬಾಯಿಪಾಠ. “ಗೊತ್ತಿದ್ದದ್ದೇ ಮತ್ತ್ಯಾಕ ಕೇಳ್ತಿ?” ಎಂದು ಒಮ್ಮೆ ಕೇಳಿದೆವು. “ನಿಮ್ಮ ಪೇಪರಿನ್ಯಾಗ ನಮ್ಮಂಥೋರು ಸತ್ತಾಗ ಬರ್ತಾರ. ಇದರಾಗ ಬದುಕಿದ್ದಾಗೇ ಬಂದಾರ” ಅಂದಳು. ಅವಳಿಗೆ ಮುಟ್ಟಿದ್ದು ಗೋಧಿಯಲ್ಲ, ಈ ಮಾತು.

ಅದು ಅವಳಿಗೆ ಕನ್ನಡದಲ್ಲೇ ಮುಟ್ಟಿತು ಎಂಬುದನ್ನೂ ಮರೆಯಬಾರದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಅನುವಾದಕ್ಕೆ ಕುಳಿತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ ತಂದರು. ಅದೇ ಕನ್ನಡದ ಮೊದಲ ಪತ್ರಿಕೆ, ಆ ದಿನವೇ ನಾವು ಆಚರಿಸುವ ಪತ್ರಿಕಾ ದಿನ. ಅದೇ ಮಿಷನ್ನಿನ ಕಿಟ್ಟೆಲ್ ಅವರ ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಬಂತು. ಸುವಾರ್ತೆ ಹೇಳಲು ಬಂದವರೇ ನಮಗೆ ವಾರ್ತೆಯ ದಾರಿಯನ್ನೂ ತೋರಿಸಿದರು. ಅವರು ಬಂದದ್ದು ಧರ್ಮ ಸಾರಲಿಕ್ಕೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಸಾರಬೇಕಾದ ಮಾತು ಅವರಿಗೆ ಅಷ್ಟು ದೊಡ್ಡದಾಗಿತ್ತು. ಅದಕ್ಕೇ ಒಂದು ಭಾಷೆಯನ್ನು ಬೇರುಸಹಿತ ಕಲಿತರು.

ಇಷ್ಟೆಲ್ಲ ಹೇಳಿ ನಮ್ಮ ಮನೆಯ ಕಸ ಮುಚ್ಚಿಡುವುದೂ ಸರಿಯಲ್ಲ. ಸುವಾರ್ತೆಗೆ ಬೆಲೆ ಕಟ್ಟುವವರು ಹೊರಗಿನವರಷ್ಟೇ ಅಲ್ಲ. ಕಾಣಿಕೆ ಹಾಕಿ, ಸಾಲ ತೀರುತ್ತದೆ, ಮಗನಿಗೆ ವೀಸಾ ಬರುತ್ತದೆ ಎಂದು ಮೈಕಿನಲ್ಲಿ ಕೂಗುವವರು ನಮ್ಮಲ್ಲೇ ಇದ್ದಾರೆ. ಸಂಬಂಧ ನೋಡುವಾಗ ಮೊದಲು ಜಾತಿ ಕೇಳುವ ಕ್ರೈಸ್ತರೂ ಇದ್ದಾರೆ. ಪುಕ್ಕಟೆ ಸಿಕ್ಕದ್ದನ್ನು ಪುಕ್ಕಟೆ ಕೊಡಿ ಎಂದು ಯೇಸು ಶಿಷ್ಯರಿಗೆ ಹೇಳಿ ಕಳಿಸಿದ್ದ. ಅದಕ್ಕೆ ರಸೀದಿ ಪುಸ್ತಕ ಮಾಡಿದವರು, ಅದರೊಳಗೆ ಮೇಲು ಕೀಳು ತಂದವರು, ನಿಧಿ ಬಿಟ್ಟು ಹೊಲ ಹಿಡಿದುಕೊಂಡವರು.

ನೀವು ಬೇರೆ ಧರ್ಮದವರಾಗಿರಬಹುದು, ಯಾವ ಧರ್ಮವೂ ಬೇಡ ಎನ್ನುವವರಿರಬಹುದು. ನಿಮ್ಮನ್ನು ಒಪ್ಪಿಸುವುದು ನಮ್ಮ ಉದ್ದೇಶವಲ್ಲ. ಪಕ್ಕದ ಕೇರಿಯವರು ಭಾನುವಾರ ಒಂದು ಪುಸ್ತಕದ ಮುಂದೆ ಯಾಕೆ ಕೂಡುತ್ತಾರೆ ಎಂದು ತಿಳಿಯಲಿ ಎಂದಷ್ಟೇ ಬರೆದೆವು. “ಏನು ಸಿಕ್ಕಿತು” ಎಂದು ಮುಂದೆ ಯಾರಾದರೂ ಕೇಳಿದರೆ ನಮ್ಮ ಉತ್ತರ ಹೀಗೆ: ಒಂದು ಸುದ್ದಿ ಸಿಕ್ಕಿತು. ನೀನು ಲೆಕ್ಕಕ್ಕಿದ್ದೀ, ನಿನ್ನನ್ನು ಹುಡುಕಿಕೊಂಡು ಒಬ್ಬ ಬಂದಿದ್ದಾನೆ ಎನ್ನುವ ಸುದ್ದಿ. ಅದನ್ನು ತೂಗುವ ತಕ್ಕಡಿ ನಮ್ಮ ಸಂತೆಯಲ್ಲಿಲ್ಲ, ನಿಮ್ಮಲ್ಲಿದ್ದರೆ ತನ್ನಿ, ಕೂತು ಮಾತಾಡೋಣ.