ಕದ್ರಿಯ ಹುಡುಗಿ, ನಮ್ಮಕ್ಕನ ವಾಯಿದೆ

ಹನ್ನೊಂದು ವರ್ಷದಿಂದ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೇನೆ. ಗಂಡ ಹೆಂಡತಿಗೆ ಹೊಡೆದ ಸುದ್ದಿ ಬಂದರೆ ಕೈ ತಾನಾಗಿಯೇ 'ಕೌಟುಂಬಿಕ ಕಲಹ' ಅಂತ ಟೈಪ್ ಮಾಡುತ್ತಿತ್ತು. ಸಿಂಗಲ್ ಕಾಲಂ, ನಾಲ್ಕು ಸಾಲು. ಎರಡು ವರ್ಷದ ಹಿಂದೆ ಅಕ್ಕ ಇಬ್ಬರು ಮಕ್ಕಳನ್ನು ಕರಕೊಂಡು ತವರಿಗೆ ಬಂದಳು. ತುಟಿ ಒಡೆದಿತ್ತು. "ತಮ್ಮಾ, ಇದನ್ನೂ ಕಲಹ ಅಂತನ ಬರೀತೀಯೇನು?" ಅಂದಳು.

ಮೊದಲು ಹೋದ ವಕೀಲರು ಫೈಲೂ ಬಿಚ್ಚದೆ "ಹೊಂದಿಕೊಂಡು ಹೋಗಲಿ ಬಿಡ್ರಿ" ಅಂದರು. ಆ ದಿನಗಳಲ್ಲೇ ಫ್ಲೇವಿಯಾ ಆಗ್ನೆಸ್ ಬಗ್ಗೆ ಓದತೊಡಗಿದೆ. ಮಂಗಳೂರಿನ ಕದ್ರಿಯಲ್ಲಿ ಬೆಳೆದವರು. ಮದುವೆಯಾಗಿ ಮುಂಬೈ ಸೇರಿ ವರ್ಷಗಟ್ಟಲೆ ಗಂಡನ ಹೊಡೆತ ತಿಂದರು. ಅದನ್ನೆಲ್ಲ 1984ರಲ್ಲಿ ತಮ್ಮ ಹೆಸರಿನಲ್ಲೇ ಆತ್ಮಕಥೆಯಾಗಿ ಬರೆದರು. ನಮ್ಮಲ್ಲಿ ಠಾಣೆಗೆ ಬಂದವರೂ "ಹೆಸರು ಹಾಕಬ್ಯಾಡ್ರಿ" ಅಂತಾರೆ, ತಪ್ಪೇನಲ್ಲ.

ಅವರು ಕ್ರೈಸ್ತರು. 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಯಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಅಂದರೆ ಬರೀ ಹೊಡೆತ ಸಾಲದು! ಇದು ಬದಲಾದದ್ದು 2001ರಲ್ಲಿ. ಅಷ್ಟೊತ್ತಿಗೆ ಅವರು ಮಕ್ಕಳ ತಾಯಿಯಾದ ಮೇಲೆ ಕಾನೂನು ಓದಿ, ಬಾಂಬೆ ಹೈಕೋರ್ಟಿನಲ್ಲಿ ವಕೀಲಿಕೆ ಹಿಡಿದು, 'ಮಜ್ಲಿಸ್' ಕಟ್ಟಿ, ಹೆಂಗಸರ ಪರ ಕೋರ್ಟಿಗೆ ನಿಲ್ಲುವ ವಕೀಲೆಯರ ತಂಡ ಮಾಡಿಯಾಗಿತ್ತು. ನಡುವೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಎಂಫಿಲ್ ಕೂಡ.

ಅಂಥವರು ನಮ್ಮ ಊರಿಗೆಲ್ಲಿ ಬರಬೇಕು? ಆದರೆ ಎರಡನೇ ಸಲ ಸಿಕ್ಕ ವಕೀಲೆ, ನನಗಿಂತ ಚಿಕ್ಕವರು, ಮೊದಲು ಕೇಳಿದ್ದು "ಮಕ್ಕಳ ಫೀ ಯಾರು ಕಟ್ಟತಾರ?" ಅಂತ. ಡಿವೋರ್ಸ್ ಬೇಡವಾದರೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣೆ, ವಾಸ, ಹಣ ಕೇಳಬಹುದು ಅಂದರು. ರಜನೇಶ್-ನೇಹಾ ಪ್ರಕರಣದ ವಿಷಯವೂ ಅವರೇ ಹೇಳಿದ್ದು. ಅದರಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು, ಇಬ್ಬರೂ ಆಸ್ತಿ-ಆದಾಯದ ಅಫಿಡವಿಟ್ ಕೊಡಬೇಕು ಅಂದಿದೆ. ಇದನ್ನು ನಾನೇ ಸುದ್ದಿಯಾಗಿ ಬರೆಯಬೇಕಿತ್ತು, ಬರೆದಿರಲಿಲ್ಲ.

ಭಾವ ತಾನು ಕೂಲಿಯವ ಅಂತ ಬರೆದು ಕೊಟ್ಟಿದ್ದಾನೆ. ಮುಂದಿನ ವಾಯಿದೆ ಸೋಮವಾರ. ನಿನ್ನೆ ರಾತ್ರಿ ಅಕ್ಕ ರೊಟ್ಟಿ ತಟ್ಟುತ್ತಲೇ ಹೇಳಿದಳು, ನಾನು ಬರಕೊಂಡೆ: ಬೋರ್‌ವೆಲ್ ಇರೋ ಎರಡೆಕರೆ, ಸೊಸೈಟಿ ಷೇರು, ಟ್ರ್ಯಾಕ್ಟರು. "ಅದರ ನಂಬರೂ ಬಾಯಿಪಾಠ ಐತಿ, ಬರಕೊ" ಅಂದಳು.