ನಾಟಿಂಗ್‌ಹ್ಯಾಮ್‌ನ ಪುಟ್ಟ ಸೈನಿಕರು, ಒಂದು ಹನಿ ಅಂಟು

ನಾಟಿಂಗ್‌ಹ್ಯಾಮ್ ಅಂದ್ರೆ ರಾಬಿನ್ ಹುಡ್ ಊರು ಅಂತ ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ ಸೈನಿಕರನ್ನು ಜೋಡಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧದಾಟ ಆಡೋರಿಗೆ ಮಾತ್ರ ಅದು ‘ವಾರ್‌ಹ್ಯಾಮರ್’ ಊರು. ಆ ಆಟದ ಗೇಮ್ಸ್ ವರ್ಕ್‌ಶಾಪ್ ಕಂಪನಿ 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರೂ ಈಗ ನೆಲೆ ನಿಂತಿರುವುದು ಇಲ್ಲಿನ ಲೆಂಟನ್‌ನಲ್ಲಿ.

ಅಲ್ಲಿನ ವಾರ್‌ಹ್ಯಾಮರ್ ವರ್ಲ್ಡ್‌ನೊಳಗೆ ಗಾಜಿನ ಹಿಂದೆ ದೊಡ್ಡ ದೊಡ್ಡ ಯುದ್ಧಭೂಮಿಗಳು. ಹೆಬ್ಬೆರಳುದ್ದದ ಸೈನಿಕ, ಅವನ ಕೈಯಲ್ಲಿ ಬೆಂಕಿಕಡ್ಡಿಗಿಂತ ಸಣ್ಣ ಕತ್ತಿ. ಇಷ್ಟು ಸಣ್ಣ ತುಂಡುಗಳು ಬಿದ್ದುಹೋಗದೆ ನಿಲ್ಲೋದು ಹೇಗೆ?

ಗುಟ್ಟು ಅಂಟಿನಲ್ಲಿದೆ. ಈ ಗೊಂಬೆಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನವು. ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಅಂಟು ಎರಡೂ ತುಂಡುಗಳ ಅಂಚನ್ನು ಕರಗಿಸುತ್ತೆ. ಒಣಗಿದ ಮೇಲೆ ಬೆಸುಗೆ ಹಾಕಿದ ಹಾಗೆ ಎರಡೂ ಒಂದೇ. ನಮ್ಮ ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಕರಗಿಸಲ್ಲ, ನಡುವೆ ಗಟ್ಟಿಯಾಗಿ ಹಿಡಿಯುತ್ತೆ ಅಷ್ಟೇ. ಗೊಂಬೆ ಕೆಳಗೆ ಬಿದ್ದರೆ ಕೈ ಕಳಚಬಹುದು. ಆದರೆ ರೆಸಿನ್ ಅಥವಾ ಲೋಹದ ಗೊಂಬೆಗೆ ಸೂಪರ್ ಗ್ಲೂನೇ ಬೇಕು. ಅಲ್ಲಿ ಸಿಮೆಂಟ್ ಕೆಲಸ ಮಾಡಲ್ಲ. ಕಾಲಡಿಯ ಬಿಲ್ಲೆಗೆ ಮರಳು ಅಂಟಿಸಲು ಫೆವಿಕಾಲ್ ಥರದ ಬಿಳಿ ಅಂಟು ಸಾಕು.

ಮೈಸೂರಿನಲ್ಲಿರುವ ಅಕ್ಕನ ಮಗನಿಗೆ ಒಂದು ಡಬ್ಬಿ ಕೊಂಡೆ. ಅಂಟು ಮಾತ್ರ ತರಲಿಲ್ಲ; ಬೇಗ ಹೊತ್ತಿಕೊಳ್ಳುವ ಇಂಥ ಸಿಮೆಂಟನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಅದನ್ನು ಊರಲ್ಲೇ ತರಿಸಿ, ಕಿಟಕಿ ತೆರೆದು ಕೂತ್ವಿ.

“ಮಾಮ, ತಪ್ಪಾದ್ರೆ ಬಿಚ್ಚಬಹುದಲ್ವಾ?”

“ಸಿಮೆಂಟ್ ಒಣಗಿದ ಮೇಲೆ ಆಗಲ್ಲ ಕಣೋ. ಮೊದಲು ಅಂಟಿಲ್ಲದೆ ಕೂರಿಸಿ ನೋಡು.”

ಕತ್ತಿ ಹಿಡಿದ ಕೈಯನ್ನು ಮೂರು ಸಲ ತಿರುಗಿಸಿ ನೋಡಿದ. ಆಮೇಲಷ್ಟೇ ಒಂದು ಹನಿ ಇಟ್ಟ.