ಹಟಮಾರಿಯ ತೂಕ

ಹತ್ತು ಜನ ಹರಟಿ ಹರಟಿ ಕೊನೆಗೆ ಒಂದೇ ಮಾತಿಗೆ ಬರುವುದಕ್ಕೂ ಲೆಕ್ಕವಿದೆ ಎಂದರೆ ನೀವು ನಕ್ಕೀರಿ. 1974ರಲ್ಲಿ ಮಾರಿಸ್ ಡಿಗ್ರೂಟ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಅದನ್ನು ಬರೆದಿಟ್ಟರು. ಪ್ರತಿಯೊಬ್ಬನೂ ತನ್ನ ಮಾತಿಗಿಷ್ಟು, ನೆರೆಯವರ ಮಾತಿಗಿಷ್ಟು ಎಂದು ತೂಕ ಕೊಟ್ಟು ಸರಾಸರಿ ತೆಗೆಯುತ್ತಾನೆ. ಮರುದಿನ ಮತ್ತೆ ಅದೇ. ಎಲ್ಲರ ಮಾತೂ ಸುತ್ತಿ ಬಳಸಿಯಾದರೂ ಎಲ್ಲರನ್ನು ಮುಟ್ಟುವಂತಿದ್ದರೆ, ಅಭಿಪ್ರಾಯಗಳು ಒಂದೇ ಅಂಕಿಗೆ ಬಂದು ನಿಲ್ಲುತ್ತವೆ. ಆ ಅಂಕಿ ಸತ್ಯವೋ ಅಲ್ಲವೋ, ಅದು ಬೇರೆ ಮಾತು!

ಈ ಲೆಕ್ಕದಲ್ಲಿ ನನಗೆ ಹಿಡಿಸಿದವನು ಹಟಮಾರಿ. ಅವನ ತೂಕವೆಲ್ಲ ತನ್ನ ಮಾತಿಗೇ. ಉಳಿದವರು ಅವನಿಗೆ ಚೂರೇ ಬೆಲೆ ಕೊಟ್ಟರೂ ಸಾಕು, ನಿಧಾನವಾಗಿ ಎಲ್ಲರೂ ಅವನತ್ತ ವಾಲುತ್ತಾರೆ. 1953ರಲ್ಲಿ ಹುಬ್ಬಳ್ಳಿಯ ಮಗ್ಗುಲ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕೂತಾಗ ಹುಬ್ಬಳ್ಳಿಯೇ ಕುದಿದದ್ದನ್ನು ಹಿರಿಯರಿಂದ ಕೇಳಿದ್ದೇನೆ. ಹಟಮಾರಿಗಳು ಇಬ್ಬರಾಗಿ ಒಂದೊಂದು ದಿಕ್ಕಿಗೆ ಜಗ್ಗಿದರೆ ಮಾತ್ರ ಒಮ್ಮತದ ಆಸೆ ಬಿಡಬೇಕು.

ಈಗ ಕೇಶ್ವಾಪುರದ ನಮ್ಮ ಓಣಿಯ ಬೇವಿನ ಮರ ಕಡಿಯುವುದೇ ಸರಿಯೆಂದು ಯಜಮಾನರೆಲ್ಲ ಒಂದಾಗಿದ್ದಾರೆ. ಅದು ಉಳಿಯಲೆಂದು ನನ್ನಾಸೆ. ನನ್ನ ಮಾತಿನ ತೂಕ ನನಗೆ ಗೊತ್ತು. ಎದುರುಮನೆಯ ಅಜ್ಜಿ ಮಾತ್ರ, "ನಾ ಇರೂತನಕಾ ಅದಕ್ಕ ಕೊಡ್ಲಿ ಹಚ್ಚಬ್ಯಾಡ್ರಿ" ಎನ್ನುತ್ತಾರೆ. ನಿನ್ನೆ ಸಂಜೆ ಆ ಯಜಮಾನರಲ್ಲಿ ಇಬ್ಬರು ಅಜ್ಜಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು.